ಬ್ರಹ್ಮಚಾರಿ ಅಂದರು

—ಬ್ರಹ್ಮಚಾರಿಯಾಗಿಯೇ ಉಳಿದು ಇಡೀ ಬದುಕನ್ನು ಯಂತ್ರಕ್ಕೆ ಮುಡಿಪಿಟ್ಟವರು, ಅಂದನಲ್ಲ ಈ ಮ್ಯಾನೇಜರು, ಮೈಕಿನಲ್ಲಿ, ಚಪ್ಪಾಳೆ ಬೇರೆ, ಯಂತ್ರಕ್ಕಂತೆ, ನಾನು ಆ ಎರಡು ಗುಂಡಿಯ ಬೀಗ ಮಾಡಿದ್ದು ಇನ್ನೊಬ್ಬನ ಕೈ ನೋಡಿ, ಪುಸ್ತಕ ಕಟ್ಟುವ ಬೈಂಡರನ ಬಲಗೈ, ಕಾಗದ ಕತ್ತರಿಸುವ ಮೆಷಿನ್ನು ಎರಡು ಬೆರಳು ತಿಂದಿತ್ತು, ರಿಪೇರಿಗೆ ಹೋದ ನನಗೆ ಟೀ ಕೊಟ್ಟ, ಲೋಟ ಹಿಡಿದ ಮೂರೇ ಬೆರಳು, ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ, ಏನ್ ನೋಡ್ತೀಯ, ಉಳಿದಿದ್ದನ್ನ ನೋಡು ಅಂತ ನಕ್ಕ, ಅಲ್ಲಿಗೆ ಮುಗೀತು ನನ್ನ ಕಥೆ — ಎರಡೂ ಕೈ ಎರಡು ಗುಂಡಿ ಒತ್ತದೆ ಅಲಗು ಇಳಿಯಕೂಡದು, ಎಷ್ಟು ಸರಳ, ಎಂಟು ತಿಂಗಳು ಹಿಡಿಯಿತು, ನಾವಿಬ್ಬರೂ ಬಾಡಿಗೆಗೆ ಹಿಡಿದ ಮನೆಯ ಅಡುಗೆಮನೆಯಲ್ಲೇ, ಒಲೆ ಮೇಲೆ ಸ್ಪ್ರಿಂಗು ಕೂರಿಸಿದೀಯಲ್ಲೋ, ಊಟಕ್ಕೆ ಬೋಲ್ಟು ಬಡಿಸ್ತೀಯಾ ಅಂತ ಬೈಯುತ್ತಿದ್ದ — ನಾನು ಕೆಲಸಕ್ಕಿದ್ದ ಇದೇ ಕಾರ್ಖಾನೆ ಬೀಗ ತಗೊಂಡಿತು, ನನ್ನನ್ನು ತಲೆ ಮೇಲೆ ಹೊತ್ತು ಕುಣಿಯಿತು, ಎಲ್ಲಿಯವರೆಗೆ, ನಾವಿಬ್ಬರೂ ನಾಲ್ಕು ಪುಟದ ಪತ್ರಿಕೆ ಅಚ್ಚು ಹಾಕುವವರೆಗೆ, ಗಂಡಸನ್ನು ಪ್ರೀತಿಸುವ ಗಂಡಸು ಕಳ್ಳನಲ್ಲ, ರೋಗಿಯಲ್ಲ, ಕೆಳಗೆ ನನ್ನ ಹೆಸರು, ಮನೆ ನಂಬರು, ಹೆಸರು ಬೇಡ ಕಣೋ ಅಂದ, ಹೆಸರಿಲ್ಲದಿದ್ದರೆ ಯಾರು ನಂಬ್ತಾರೆ ಅಂದೆ, ಮೂರನೇ ಸಂಚಿಕೆಗೆ ಪೊಲೀಸರು, ಅಚ್ಚಿನ ಮೊಳೆಗಳನ್ನೆಲ್ಲ ರಸ್ತೆಗೆ ಸುರಿದರು, ಅಣ್ಣ ಬಂದ, ಮನೆತನದ ಮಾನ ಹರಾಜು ಹಾಕಿದೆಯಲ್ಲೋ, ಕಾರ್ಖಾನೆ ಕೆಲಸ ಕಿತ್ತುಕೊಂಡಿತು, ಬೀಗ ಇಟ್ಟುಕೊಂಡಿತು, ಅದರ ಮೇಲಿದ್ದ ನನ್ನ ಹೆಸರು ಕೆರೆದು ಹಾಕಿ — ಪತ್ರಿಕೆ ಮಾತ್ರ ನಿಲ್ಲಲಿಲ್ಲ, ಹನ್ನೊಂದು ವರ್ಷ, ಎಲ್ಲೆಲ್ಲಿಂದಲೋ ಕಾಗದ, ಇರೋನು ನಾನೊಬ್ಬನೇ ಅಂದ್ಕೊಂಡಿದ್ದೆ ಸಾರ್ ಅಂತ — ಈಗ, ನಲವತ್ತು ವರ್ಷ ಆದಮೇಲೆ ಕರೆದು ಕೂರಿಸಿ ಫಲಕ, ಒಂದೆರಡು ಮಾತಾಡಿ ಸಾರ್, ಆ ಹಳೇ ವಿಷಯವೊಂದು ಬೇಡ, ಕಿವಿಯಲ್ಲಿ ಪಿಸುಗುಡುತ್ತಾನೆ, ಬೇಡವಂತೆ, ಏಳುತ್ತೇನೆ, ಮಂಡಿ ಲಟಕ್ಕೆನ್ನುತ್ತದೆ, ನಾನು ಬ್ರಹ್ಮಚಾರಿಯಲ್ಲ ಅನ್ನುತ್ತೇನೆ, ಮೂವತ್ತಮೂರು ವರ್ಷ ಸಂಸಾರ ಮಾಡಿದವನು, ಒಬ್ಬ ಬೈಂಡರನ ಜೊತೆ, ಮ್ಯಾನೇಜರು ಮೈಕಿನ ವೈರು ಹುಡುಕುತ್ತಿದ್ದಾನೆ, ಕೀಳಲಿ, ನನ್ನ ಗಂಟಲಿಗೆ ವೈರು ಬೇಕಿಲ್ಲ, ಕೂಗಿ ಹೇಳುತ್ತೇನೆ, ಅವನು ಸಾಯುತ್ತಿದ್ದಾಗ ಆಸ್ಪತ್ರೆಯ ನರ್ಸು ನೀವೇನಾಗಬೇಕು ಅಂದಳು, ಸ್ನೇಹಿತ ಅಂದೆ, ಥೂ, ಸ್ನೇಹಿತ ಅಂದೆ ನಾನು, ಊರಿಗೆಲ್ಲ ಧೈರ್ಯ ಹೇಳಿದ ನಾನು, ಸಂಬಂಧಿಕರಿಗೆ ಮಾತ್ರ ಅಂತ ಬಾಗಿಲು ಹಾಕಿದಳು, ಬಾಗಿಲಲ್ಲಿ ಅಂಗೈಯಗಲ ಗಾಜು, ಗಾಜಿನಾಚೆ ಅವನ ಪಾದ, ಹೊದಿಕೆ ಜಾರಿತ್ತು, ಹೊದಿಸ್ರೀ ಅಂತ ಗಾಜು ಬಡಿದೆ, ಯಾರೂ — ಎಲ್ಲಿದ್ದೆ, ಏನು ಹೇಳುತ್ತಿದ್ದೆ, ಎಲ್ಲರೂ ನೋಡುತ್ತಿದ್ದಾರೆ — ಅವನ ಪಾದ, ಬರಿಗಾಲು, ಚಳಿಗೆ ಬೆರಳು ಮುದುಡಿತ್ತು, ಯಾರೂ ಹೊದಿಸಲಿಲ್ಲ, ಆ ಪಾದ