ಇಪ್ಪತ್ತೆರಡು ದವಡೆ

ವಯಸ್ಸು ಮೂವತ್ತಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕೆಲಸ ಮಾತ್ರ ಪುಟ್ಟದಲ್ಲ, ಕೋಳಿಮರಿಯ ದವಡೆ ಹೇಗೆ ಬೆಳೆಯುತ್ತದೆಂಬ ಸಂಶೋಧನೆ. ಮೊಟ್ಟೆಯೊಳಗಿನ ಮರಿಗೆ ದವಡೆಯೆಂದರೆ ಮೊದಲಿಗೆ ಮೃದ್ವಸ್ಥಿಯ ಮೆತ್ತನೆ ಕಡ್ಡಿ. ಅದು ಅಳತೆ ಮೀರಿ ಬೆಳೆಯದಂತೆ ಕಾಯುವುದು ಪ್ರೋಟೀನು ಕಡಿಯುವ ಕಿಣ್ವಗಳು ಎಂಬುದು ಅವಳ ವಾದ. ಅದಕ್ಕೇ ಇಪ್ಪತ್ತೆರಡು ಮರಿಗಳ ಬಲದವಡೆಗೆ ಮಾತ್ರ ಕಿಣ್ವ ತಡೆಯುವ ಔಷಧಿ ಇಟ್ಟಿದ್ದಳು. ಬಲಗಡೆ ಉದ್ದವಾದರೆ ದವಡೆ ಎಡಕ್ಕೆ ವಾಲಲೇಬೇಕು.

ಮರಿಗಳು ಕೇಳಬೇಕಲ್ಲ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಹತ್ತು ಎಡಕ್ಕೆ ವಾಲಿದವು, ಒಂಬತ್ತು ಬಲಕ್ಕೆ ವಾಲಿದವು, ಉಳಿದ ಮೂರು ನೆಟ್ಟಗೆ ನಿಂತವು. ಮಾರ್ಗದರ್ಶಕಿ ಫೋಟೋಗಳನ್ನು ನೋಡಿ, "ನಾಳೆ ಹನ್ನೊಂದಕ್ಕೆ ಬಾ. ಇದನ್ನ ಬಿಟ್ಟು ಬೇರೆ ಏನಾದರೂ ಹಿಡಿಯೋಣ" ಅಂದರು. ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮಧ್ಯಾಹ್ನವೇ ಮನೆಗೆ ಬಂದು, ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫೋಟೋಗಳನ್ನು ಹರಡಿ, ತಲೆ ಮೇಲೆ ಕೈಹೊತ್ತು ಕೂತಳು. ಅಮ್ಮ ಟೈಲರ್. ಮೇಜು ಖಾಲಿಯಾಗದೆ ಕತ್ತರಿ ಓಡುವಂತಿಲ್ಲ. ವಿಷಯ ಕೇಳಿದಳು, ಕನ್ನಡಕ ಏರಿಸಿದಳು, ಮೃದ್ವಸ್ಥಿ ಎದ್ದುಕಾಣಲೆಂದು ನೀಲಿ ಬಣ್ಣ ಹಿಡಿಸಿದ ದವಡೆಗಳ ಫೋಟೋಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಇದೇನೇ ಈ ಸಣ್ಣ ಕಡ್ಡಿ?"

"ನಾಲಿಗೆ ಬುಡದ್ದಮ್ಮ."

"ಇದರಲ್ಲಿ ದವಡೆ ಮೇಲೆ ಕಾಣುತ್ತೆ, ಅದರಲ್ಲಿ ದವಡೆ ಅಡಿಗೆ ಹೋಗಿದೆ. ಅರ್ಧ ಬಟ್ಟೆ ಮೇಲ್ಮುಖ, ಅರ್ಧ ಒಳಮುಖ ಹಾಸಿದೀರಲ್ಲೇ! ನಾನೂ ಹೊಸದರಲ್ಲಿ ಹೀಗೇ ಎಡವಟ್ಟು ಮಾಡಿ, ಎರಡೂ ತೋಳನ್ನ ಒಂದೇ ಕೈಗೆ ಕತ್ತರಿಸಿದ್ದೆ."

ಪುಟ್ಟಿ ಫೋಟೋಗಳನ್ನು ಮತ್ತೆ ತನ್ನತ್ತ ಎಳೆದುಕೊಂಡಳು. ಅಮ್ಮನ ಕಣ್ಣಿನ ಆಪರೇಷನ್ನಿಗೆ ಅವಳು ಹತ್ತು ದಿನ ರಜೆ ಹಾಕಿದ್ದಳು. ಆಗ ಅರ್ಧ ಫೋಟೋ ತೆಗೆದವನು ಪಕ್ಕದ ಮೇಜಿನ ಸಹೋದ್ಯೋಗಿ; ಲ್ಯಾಬಿನಲ್ಲಿ ಅವನ ಅಡ್ಡಹೆಸರೇ ‘ಗಡಿಬಿಡಿ’. ಅವಳು ಮರಿಯ ಫೋಟೋವನ್ನು ಗದ್ದದ ಕಡೆಯಿಂದ ತೆಗೆದಿದ್ದಳು. ಅವನು ನೆತ್ತಿಯ ಕಡೆಯಿಂದ ತೆಗೆದಿದ್ದರೆ ಎಡಬಲ ಅದಲುಬದಲಾಗದೆ ಏನಾದೀತು?

"ಆ ನೆಟ್ಟಗಿರೋ ಮೂರು?" ಅಮ್ಮ ಕೇಳಿದಳು.

"ಅದು ಗೊತ್ತಿಲ್ಲ. ತೋರಿಸದೇ ಇದ್ರೆ ಆಯ್ತು."

"ಅದನ್ನೇ ಮೊದಲು ತೋರಿಸು. ಹೊಲಿಗೆ ತಪ್ಪನ್ನ ಗಿರಾಕಿನೇ ಕಂಡುಹಿಡಿದ್ರೆ ಮತ್ತೆ ಅಂಗಡಿ ಮೆಟ್ಟಿಲು ಹತ್ತಲ್ಲ."

ಬೆಳಿಗ್ಗೆ ಎಂಟಕ್ಕೇ ಲ್ಯಾಬು ಸೇರಿದಳು. ಕೆಡದಂತೆ ಸೀಸೆಗಳಲ್ಲಿಟ್ಟಿದ್ದ ಎಲ್ಲ ಮರಿಗಳನ್ನೂ ತೆಗೆದು, ಗದ್ದ ಮೇಲೆ ಮಾಡಿಟ್ಟು, ಸೂಕ್ಷ್ಮದರ್ಶಕದಲ್ಲಿ ಹೊಸದಾಗಿ ನೋಡಿದಳು. ಹತ್ತೊಂಬತ್ತು ಎಡಕ್ಕೇ ವಾಲಿದ್ದವು. ಗಡಿಬಿಡಿ ಬಂದವನೇ ನಾಲಿಗೆ ಕಚ್ಚಿಕೊಂಡು, "ನೆತ್ತಿ ಕಡೆಯಿಂದಲೇ ತೆಗೆದೆ, ಸ್ಪಷ್ಟ ಕಾಣ್ತಿತ್ತು" ಎಂದು ಒಪ್ಪಿಕೊಂಡ.

ಹನ್ನೊಂದಕ್ಕೆ ಮಾರ್ಗದರ್ಶಕಿಯ ಮುಂದೆ ನಿಂತಾಗ ಒಂದು ಕ್ಷಣ ಆ ಮೂರನ್ನು ನುಂಗಿಬಿಡುವ ಆಸೆಯೂ ಆಯಿತು. ಆದರೂ, "ಮೇಡಂ, ಮೂರು ನೆಟ್ಟಗೇ ಇವೆ, ಯಾಕೆ ಅಂತ ಗೊತ್ತಿಲ್ಲ" ಎಂದೇ ಶುರುಮಾಡಿದಳು. ಆಮೇಲೆ ಹತ್ತೊಂಬತ್ತರ ಕಥೆ ಹೇಳಿದಳು. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಇಪ್ಪತ್ತೆರಡನ್ನೂ ನೋಡಿ ಮುಗಿಸುವ ತನಕ ಪುಟ್ಟಿ ಒಂದೊಂದೇ ಮರಿಯನ್ನು ಎತ್ತಿಕೊಡುತ್ತ ನಿಂತಿದ್ದಳು.

"ನಲವತ್ತು ಮೊಟ್ಟೆ ತರಿಸು. ಇನ್ನೊಂದ್ಸಲ ಮಾಡಿ ನೋಡೋಣ" ಅಂದರು ಅವರು. "ಮಗುಚಿರೋದನ್ನ ಕಂಡುಹಿಡಿದಿದ್ದು ಯಾರು?"

"ನಮ್ಮಮ್ಮ. ಟೈಲರ್."

"ಸರಿಹೋಯ್ತು. ಈ ಸಲ ಫೋಟೋ ತೆಗೆಯೋ ದಿನ ಅವರನ್ನೂ ಕರ್ಕೊಂಡು ಬಾ."

ಪುಟ್ಟಿಗೆ ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು. ನಾಲ್ಕು ವರ್ಷದಲ್ಲಿ ಒಂದು ದಿನವೂ ಅಮ್ಮನನ್ನು ಈ ಕೋಣೆಗೆ ಕರೆದುಕೊಂಡು ಬರಬೇಕೆಂದು ಅವಳಿಗೆ ಹೊಳೆದಿರಲಿಲ್ಲ.