ಪೂರ್ತಿ ವಿಡಿಯೊ

ಮಗಳ ಕೈಗೆ ಫೋನ್ ಕೊಡುವಾಗ ನಾನು ಹೇಳದ ಬುದ್ಧಿಮಾತಿಲ್ಲ. ಗೊತ್ತಿಲ್ಲದವರ ಜೊತೆ ಮಾತು ಬೇಡ, ಕೇಳದೆ ಯಾರ ಫೋಟೊವನ್ನೂ ಹಾಕಬೇಡ, ಎದುರಿಗೆ ನಿಂತು ಹೇಳಲಾಗದ್ದನ್ನು ಟೈಪ್ ಮಾಡಬೇಡ. ಏಳನೇ ಕ್ಲಾಸಿನ ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳು. ತಲೆಯಾಡಿಸಿದ್ದು ಮಾತ್ರವಲ್ಲ, ಹಾಗೆಯೇ ನಡೆದುಕೊಂಡಳು ಕೂಡ.

ಹೋದ ವಾರ ಅವಳ ಹಲ್ಲೊಂದನ್ನು ಕೀಳಿಸಬೇಕಾಯಿತು. ಗಂಡನಿಗೆ ರಜೆ ಸಿಗಲಿಲ್ಲ, ಮೈದುನ ಜೊತೆಗೆ ಬಂದ. ನಮ್ಮ ಮನೆಯಲ್ಲಿ ನಗಿಸುವ ಗುತ್ತಿಗೆ ಅವನದೇ. ಕೊಟ್ಟ ಮದ್ದಿನ ಮಂಪರು ಇಳಿಯುವ ಹೊತ್ತಿಗೆ ಮಗಳು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಏನೇನೋ ಬಡಬಡಿಸತೊಡಗಿದಳು. ಡಾಕ್ಟರಿಗೆ ರೆಕ್ಕೆ ಇದೆಯಂತೆ, ಕುರ್ಚಿ ತೇಲುತ್ತಿದೆಯಂತೆ. ಆಮೇಲೆ ಇದ್ದಕ್ಕಿದ್ದಂತೆ, "ಉದ್ದಜಡೆ ಈಗ್ಲೂ ಹಾಸಿಗೇಲಿ ಉಚ್ಚೆ ಮಾಡ್ಕೊಳ್ತಾಳೆ" ಅಂದಳು. ಅಂದವಳೇ ಅಳತೊಡಗಿದಳು. "ಯಾರಿಗೂ ಹೇಳ್ಬೇಡಿ. ಹೇಳಲ್ಲ ಅಂತ ಆಣೆ ಮಾಡಿದೀನಿ."

ಉದ್ದಜಡೆ ಅವಳ ಜೀವದ ಗೆಳತಿ. ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿದ್ದಳು, ಬೆಳಿಗ್ಗೆ ಇಬ್ಬರೂ ಸೇರಿ ಹಾಸಿಗೆಯ ಬಟ್ಟೆ ಒಗೆದು ಹಾಕಿದ್ದರು. ನಾನು ಅದನ್ನು ಆಟ ಅಂದುಕೊಂಡಿದ್ದೆ. ಮೈದುನ ಅವಳ ಬಡಬಡಿಕೆಯನ್ನೆಲ್ಲ ಫೋನಿನಲ್ಲಿ ವಿಡಿಯೊ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮನೆಯವರ ಗ್ರೂಪಿಗೆ ಹಾಕಿದ. ನಾನೂ ನಕ್ಕೆ. ಕಣ್ಣೀರು ಬರುವಂತೆ ನಗುವ ಮುಖವನ್ನು ಕೆಳಗೆ ಅಂಟಿಸಿದೆ.

ಗ್ರೂಪಿನಿಂದ ಅದು ನಾದಿನಿಯ ಮಗಳ ಫೋನಿಗೆ ಇಳಿಯಿತು. ಅವಳೂ ಅದೇ ಶಾಲೆ. ಅಲ್ಲಿ ಯಾರೋ ಕತ್ತರಿ ಆಡಿಸಿದರು. ರೆಕ್ಕೆ ಹೋಯಿತು, ಅಳು ಹೋಯಿತು, ಆಣೆಯೂ ಹೋಯಿತು. ಉಳಿದದ್ದು ಒಂದೇ ವಾಕ್ಯ. ಊದಿದ ಕೆನ್ನೆಯಿಂದಾಗಿ ನನ್ನ ಮಗಳು ನಗು ತಡೆದುಕೊಂಡು ಹೇಳುತ್ತಿದ್ದಾಳೆ ಅನ್ನಿಸುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಉದ್ದಜಡೆಯ ಬೆಂಚಿನ ಮೇಲೆ ಯಾರೋ ಪ್ಲಾಸ್ಟಿಕ್ ಹಾಳೆ ಹಾಸಿಟ್ಟರು, ಅವಳು ಬ್ಯಾಗನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದಳು.

ಶಾಲೆಯವರು ಮಾರನೆಯ ದಿನ ಮಕ್ಕಳನ್ನೆಲ್ಲ ಕೂರಿಸಿ, ಫೋನನ್ನು ಹೇಗೆ ಬಳಸಬೇಕು, ಇನ್ನೊಬ್ಬರ ಮನಸ್ಸು ನೋಯದಂತೆ ಹೇಗೆ ನಡೆದುಕೊಳ್ಳಬೇಕು ಎಂದು ಪಾಠ ಮಾಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನನ್ನ ಮಗಳನ್ನು ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿದರು. ಅದನ್ನು ಕೇಳಿಸಿಕೊಳ್ಳಬೇಕಾದವಳು ಮಾತ್ರ ಅಲ್ಲಿರಲಿಲ್ಲ.

ನನ್ನದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಆ ದಿನವೆಲ್ಲ ಮೆಷಿನ್ನಿನ ಪಕ್ಕ ಫೋನಿಟ್ಟುಕೊಂಡು ಒಬ್ಬೊಬ್ಬರ ಕಾಲಿಗೂ ಬಿದ್ದೆ. ಅಳಿಸಿಬಿಡಿ, ನಿಮ್ಮ ದಮ್ಮಯ್ಯ, ಅಳಿಸಿಬಿಡಿ.

"ಒಂದು ತಮಾಷೆಗೆ ಇಷ್ಟೊಂದು ರಂಪಾನಾ?" ಅಂದಳು ನಾದಿನಿ.

"ಆವತ್ತೇ ಅಳಿಸಿದೆ ಅತ್ತಿಗೆ, ನನ್ನಾಣೆ," ಅಂದ ಮೈದುನ. "ಮಕ್ಕಳು ತಾನೆ, ನಾಳೆ ಮರೀತಾರೆ ಬಿಡಿ."

ಯಾರದೋ ಎಡಗಣ್ಣಿನ ಗಾಜನ್ನು ಬಲಗಣ್ಣಿನ ಅಳತೆಗೆ ಕೊರೆದುಬಿಟ್ಟೆ. ಅದನ್ನು ಕಸದ ಬುಟ್ಟಿಗೆ ಹಾಕುವಾಗ ಮಗಳು ಯೂನಿಫಾರ್ಮಿನಲ್ಲೇ ಅಂಗಡಿಗೆ ಬಂದಳು.

"ಅಮ್ಮಾ, ಅವಳು ನಿನ್ನೆಯಿಂದ ಬಾಗಿಲು ತೆಗ್ದಿಲ್ವಂತೆ. ಏನೂ ತಿಂದಿಲ್ವಂತೆ." "ನನ್ನಿಂದಾನೇ ಅಲ್ವಾ?"

ಮಾಲೀಕರನ್ನೂ ಕೇಳದೆ ಚಪ್ಪಲಿ ಮೆಟ್ಟಿ ಹೊರಟೆ.

ಉದ್ದಜಡೆಯ ಅಪ್ಪ ಸೋಫಾ ರಿಪೇರಿ ಮಾಡುವವನು, ಮನೆಯೇ ಕಾರ್ಖಾನೆ. ಬಟ್ಟೆ ಕಿತ್ತ ಸೋಫಾ ಒಂದು ಸ್ಪ್ರಿಂಗು ತೋರಿಸಿಕೊಂಡು ನಡುಮನೆಯಲ್ಲಿ ಬಿದ್ದಿತ್ತು. ಒಳಕೋಣೆಯ ಬಾಗಿಲ ಮುಂದೆ ಆರಿಹೋದ ಊಟದ ತಟ್ಟೆ ಇತ್ತು. ಅವನು ನಮ್ಮನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಬಾಗಿಲು ಒಡೀತೀನಿ ಅಂದ್ರೆ, ಒಡೆದ್ರೆ ನೋಡು ಅಂತಾಳೆ," ಅಂದ. "ಏನು ಮಾಡ್ಕೊಂಡುಬಿಡ್ತಾಳೋ ಅಂತ ಜೀವ ಬಾಯಿಗೆ ಬಂದಿದೆ. ನೀವಾದ್ರೂ ಮಾತಾಡಿ."

ನಾನು ಬಾಗಿಲಿಗೆ ಕೆನ್ನೆಯಿಟ್ಟು ಹೇಳಿದೆ, ಎಲ್ಲವನ್ನೂ ಅಳಿಸಿಸಿದ್ದೇನೆ, ಇನ್ನು ಯಾರ ಹತ್ತಿರವೂ ಇಲ್ಲ ಕಂದಾ.

"ಸುಳ್ಳು," ಒಳಗಿನಿಂದ ಒಡಕು ದನಿ ಬಂತು. "ಅವಳು ನಗ್ತಾ ಹೇಳಿದಾಳೆ. ನಾನು ನೋಡಿದೀನಿ."

"ನಗ್ತಾ ಇರ್ಲಿಲ್ಲ ಕಣೇ," ನನ್ನ ಮಗಳು ನೆಲದ ಮೇಲೆ ಕುಸಿದು ಕೂತಳು. "ನಂಗೆ ಹೇಳಿದ್ದೇ ನೆನಪಿಲ್ಲ. ನಂಗೆ ಪ್ರಜ್ಞೆ ಇರ್ಲಿಲ್ಲ."

"ಪೂರ್ತಿ ತೋರ್ಸು ಹಾಗಾದ್ರೆ."

ಪೂರ್ತಿಯಾಗಿದ್ದದ್ದು ಗ್ರೂಪಿನಲ್ಲಿ. ಗ್ರೂಪಿನವರನ್ನೆಲ್ಲ ಬೆಳಗಿನಿಂದ ಗೋಗರೆದು ಅಳಿಸಿಸಿದವಳು ನಾನೇ, ನನ್ನ ಫೋನಿನಿಂದಲೂ ಅಳಿಸಿದ್ದೆ. ನನ್ನ ಮಗಳು ಅತ್ತದ್ದಕ್ಕೆ, ಆಣೆ ನೆನೆಸಿಕೊಂಡದ್ದಕ್ಕೆ ಇನ್ನು ಸಾಕ್ಷಿಯೇ ಇಲ್ಲ. ಆದರೂ ಮೈದುನನಿಗೆ ಫೋನ್ ಹಚ್ಚಿದೆ.

"ಆ ವಿಡಿಯೊ ಇದೆಯೇನೋ? ಬಯ್ಯಲ್ಲ. ನಿಜ ಹೇಳು."

"ನೋಡ್ತೀನಿ ಅತ್ತಿಗೆ."

ಫೋನ್ ಇಟ್ಟು ಉಸಿರೆಳೆಯುವಷ್ಟರಲ್ಲಿ ವಿಡಿಯೊ ಬಂತು. ಬೆನ್ನಿಗೇ ನಾದಿನಿಯದೂ ಬಂತು. ಅವನು ಅವಳನ್ನೂ ಕೇಳಿರಬೇಕು. ಒಬ್ಬರೂ ಅಳಿಸಿರಲಿಲ್ಲ. ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೇ ಹೇಸಿಗೆಯಾಯಿತು. ಫೋನನ್ನು ಬಾಗಿಲಡಿಯ ಸಂದಿಯಿಂದ ಒಳಗೆ ತಳ್ಳಿದೆ.

ಒಳಗೆ ರೆಕ್ಕೆಯ ಡಾಕ್ಟರು ಬಂದರು, ಕುರ್ಚಿ ತೇಲಿತು, ಆ ವಾಕ್ಯ ಬಂತು, ಅಳು ಬಂತು. ಅವಳು ಕೊನೆಯ ಭಾಗವನ್ನು ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಉದ್ದಜಡೆಯ ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಆಂಟಿ."

"ಹೇಳಮ್ಮ."

"ಇವಳು ಯಾರಿಗೂ ಹೇಳ್ಬೇಡಿ ಅಂತಿದಾಳೆ."

"ಹೌದು."

"ಮತ್ತೆ ಹೇಳಿದ್ದು ಯಾರು?"

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಮೈದುನನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು.

"ನಾವು," ಅಂದೆ. "ನಾನು, ನಮ್ಮನೆಯ ದೊಡ್ಡವರು. ಕೇಳಿಸ್ಕೊಂಡೂ ನಕ್ಕುಬಿಟ್ವಿ."

ಒಳಗಿನ ಚಿಲಕ ಸರಿಯಿತು. ಬಾಗಿಲು ಒಂದು ಕೈ ಹೊರಬರುವಷ್ಟು ತೆರೆಯಿತು. ಅವಳ ಅಪ್ಪ ಮುಂದೆ ಬಂದ, ನಾನೂ ಬಂದೆ. ಆ ಕೈ ನನ್ನ ಮಗಳ ತೋಳು ಹಿಡಿದು ಒಳಗೆಳೆದುಕೊಂಡಿತು, ಊಟದ ತಟ್ಟೆಯನ್ನೂ ಎಳೆದುಕೊಂಡಿತು. ಮತ್ತೆ ಚಿಲಕ ಬಿತ್ತು. ನಾವು ದೊಡ್ಡವರಿಬ್ಬರೂ ಹೊರಗೇ ನಿಂತೆವು.