ಮರಿ ಸಾಗಿಸಿದ ಕಾರಿನ ಅಡಿಭಾಗ

ನನ್ನ ಮಗ ಜುಂಜೇಶ ಹಳೆಯ ಕಾರೊಂದನ್ನು ಕೊಂಡು ಮೂರು ವರ್ಷವಾಗಿತ್ತು. ಹಿಂದಿನ ಸೀಟು ಕಿತ್ತು, ಗೋಣಿತಾಟು ಹಾಸಿ, ಬಿ.ದುರ್ಗದಿಂದ ಚಿತ್ರದುರ್ಗದ ಸಂತೆಗೆ ಕುರಿಮರಿಗಳನ್ನು ಅದರಲ್ಲೇ ಸಾಗಿಸುತ್ತಿದ್ದ. ಮರಿಗಳ ಉಚ್ಚೆ ತಾಟು ದಾಟಿ ತಗಡಿಗಿಳಿಯುತ್ತದೆಂದು ನಾವ್ಯಾರೂ ಯೋಚಿಸಿರಲಿಲ್ಲ. ಕೊನೆಗೆ ವಾಸನೆ ತಾಳದೆ ಸೊಸೆ ಲತಾ ಅದರೊಳಗೆ ಕೂರುವುದನ್ನೇ ಬಿಟ್ಟಳು.

ಭಾನುವಾರ ಬೆಳಿಗ್ಗೆ ಅವನು ಕಾರಿನ ಅಡಿಭಾಗ ತೊಳೆಯಲು ನಿಂತ. ಗೋಡೆ ಕಟ್ಟುವ ಎರಡು ಸೈಜುಕಲ್ಲು ಪೇರಿಸಿ, ಅವುಗಳ ಮೇಲೆ ಜಾಕಿ ಇಟ್ಟು, ಕಾರಿನ ಒಂದು ಪಕ್ಕವನ್ನು ಎತ್ತಿದ. ಕೆಳಗೆ ಗೋಣಿಚೀಲ ಹಾಸಿ, ಬ್ರಷ್ ಹಿಡಿದು ಅಂಗಾತ ಮಲಗಿದ. ಇನ್ನು ಒಳಗೆ ಸರಿಯುವುದಷ್ಟೇ ಬಾಕಿ.

"ಏನಪ್ಪ, ಜಾಕಿ ಒಂದನ್ನೇ ನಂಬಿ ಒಳಗೆ ಹೋಗ್ತೀಯ?" ಎಂದೆ.

"ಅಪ್ಪ ಗಾಡಿ ಕೆಳಗೆ ಮಲ್ಕಂಡು ಅಚ್ಚಿಗೆ ಎಣ್ಣೆ ಹಚ್ತಿರ್ಲಿಲ್ವೇನವ್ವ? ಒಂದು ಕೋಲು ಆನಿಸಿದ್ರೆ ಮುಗೀತಿತ್ತು."

"ಎತ್ತಿನ ಗಾಡಿ ಬಿದ್ರೆ ನಾವಿಬ್ರೇ ಎತ್ತಬೌದು. ಇದು ಬಿದ್ರೆ ಊರೆಲ್ಲ ಬರಬೇಕು. ಅಲ್ಲೀತನಕ ಉಸಿರು ಹಿಡ್ಕಂಡಿರ್ತೀಯ?"

ಪೈಪು ಹಿಡಿದು ನಿಂತಿದ್ದ ಲತಾ, "ಹೇಳ್ರಿ ಅತ್ತೆ. ನನ್ ಮಾತಂತೂ ಕೇಳಲ್ಲ. ನಾನು ನೀರು ಬಿಡಾಕೆ ಮಾತ್ರ ಬೇಕು," ಎಂದಳು.

ಅವನು ನಕ್ಕು ತಲೆಯನ್ನು ಒಳಗೆ ಸರಿಸಿದ. ನಾನು ಅವನ ಕಾಲು ಹಿಡಿದೆಳೆದೆ.

"ಲೇ, ಟಗರು ಕಟ್ಟಾಕೆ ಮುಂಚೆ ಗೂಟ ಅಲ್ಲಾಡ್ಸಿ ನೋಡ್ತೀಯೋ ಇಲ್ಲೋ?"

"ನೋಡ್ತೀನಿ."

"ಹಂಗಾದ್ರೆ ಇದನ್ನೂ ಅಲ್ಲಾಡ್ಸು. ಆಮೇಲೆ ಹೋಗು."

ನನ್ನ ಬಾಯಿ ಮುಚ್ಚಿಸಲೆಂದೇ ಎದ್ದ. ಕೈ ಚಾಚುವಷ್ಟು ದೂರ ನಿಂತು ಎರಡೂ ಕೈಯಿಂದ ಕಾರನ್ನು ಒಮ್ಮೆ ನೂಕಿದ, ಅಷ್ಟೆ. ಕರಕರ ಸದ್ದಾಯಿತು. ತುಕ್ಕು ತಿಂದ ತಗಡನ್ನು ಜಾಕಿ ಹರಿದುಕೊಂಡು ಮೇಲೇರಿತು, ಕಲ್ಲು ಜಾರಿತು, ಕಾರು ಧೊಪ್ಪನೆ ಕುಸಿಯಿತು.

ಪೈಪಿನ ನೀರು ಲತಾಳ ಕಾಲ ಮೇಲೇ ಸುರಿಯುತ್ತಿತ್ತು. ಅವಳು ಬಗ್ಗಿ ಗೋಣಿಚೀಲ ಎಳೆದಳು. ಅದು ಕಾರಿನಡಿ ಸಿಕ್ಕಿಕೊಂಡು ಅಲುಗಲಿಲ್ಲ. ಇನ್ನೊಮ್ಮೆ ಎಳೆದು, ಅಲ್ಲೇ ಕುಳಿತು ಅಳತೊಡಗಿದಳು.

"ಹೊಳಲ್ಕೆರೆಗೆ ಒಯ್ತೀನಿ," ಎಂದ ಜುಂಜೇಶ. "ಸರ್ವಿಸ್ ಸ್ಟೇಷನ್ನಾಗೆ ಗುಂಡಿ ಐತೆ. ಕಾರು ಮೇಲೆ ನಿಂತಿರ್ತೈತೆ, ಕೆಳಗೆ ನಿಂತ್ಕಂಡು ತೊಳೀತಾರೆ. ತಗಡಿಗೂ ವೆಲ್ಡಿಂಗ್ ಮಾಡಿಸ್ಬೇಕು."

ನಾನು ಅವನನ್ನು ಬೈಯಲು ಹೋಗಲಿಲ್ಲ. ಆ ಹೊತ್ತಿನಲ್ಲಿ ಬೈದರೆ ಗಂಡಸಿಗೆ ಮತ್ತೆ ಹಟ ಬರುತ್ತದೆ.

"ಅವ್ವ, ಹಸಿವಾಗ್ತೈತೆ," ಎಂದ.

ಲತಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಕೈ ತೊಳ್ಕಂಡು ಬರ್ರಿ," ಎಂದವಳು ಮುದ್ದೆಗೆ ಎಸರಿಡಲು ಒಳಗೆ ಹೋದಳು.